ಮೀನಿಗೆ ಹೋದ ಸಂದೇಶ

ಬಾಗ್‌ಬಜಾರ್, ಕೋಲ್ಕತ್ತಾ
೨೮ ಅಕ್ಟೋಬರ್ ೨೦೧೨

ನಿಕುಂಜ,

ವಿಜಯಾದಶಮಿಯ ಶುಭಾಶಯ! ಕೇಳಿಸಿತೇ? ಕೇಳಿಸದು, ಗೊತ್ತು. ಏಳು ಸಾವಿರ ಜನ ಕೂತ ಬಯಲಿನ ಕಟ್ಟಕಡೆಯ ಸಾಲಿಗೂ ಮೈಕಿಲ್ಲದೆ ಮುಟ್ಟಿದ ಕಂಠ ಇದು. ಕಾಂಥಿಯಲ್ಲಿ ಕೂತ ಒಬ್ಬ ಕಿವುಡನನ್ನು ಮುಟ್ಟಲು ಅಂಚೆ ಲಕೋಟೆಯ ಕಾಲಿಗೆ ಬೀಳಬೇಕಾಯಿತು. ಅಯ್ಯೋ ವಿಧಿಯೇ!

ನಿನ್ನ ಸಮುದ್ರ ನಮ್ಮ ನಡುಮನೆಗೆ ಬಂದು ಆರು ವಾರವಾಯಿತು. ತಂಗಿಯ ಮನೆ ಸೇರುವಾಗ ಆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯನ್ನು ಎಲ್ಲಿ ಇಡಲಿ ಎಂದು ನೀನು ನನ್ನನ್ನು ಕೇಳಲಿಲ್ಲ. ನನ್ನ ಹೆಂಡತಿಯನ್ನು ಕೇಳಿದೆ, ಸುರಮಾ ಹೂಂ ಅಂದಳು. ಇರಲಿ. ಇಪ್ಪತ್ತು ವರ್ಷದಿಂದ ನನ್ನ ನೆರಳೂ ತುಳಿಯದವನು ಹೆಬ್ಬೆರಳಿನಷ್ಟಿದ್ದಾಗಿನಿಂದ ತಾನು ಸಾಕಿದ ನೂರು ಬೆರಳಿನ ಜೀವಂತ ಹವಳವನ್ನು, ತನ್ನ ರಾಣಿಯನ್ನು, ನನ್ನ ಅರಮನೆಗೇ ಕಳಿಸಿದ್ದಾನೆ. ಈ ತ್ರಿದಿಬ್ ಪಾಕ್ರಾಶಿ ಅತಿಥಿಗಳನ್ನು ಹೇಗೆ ನೋಡಿಕೊಳ್ಳುತ್ತಾನೆ ಎಂಬುದನ್ನು ಜಗತ್ತು ನೋಡಲಿ!

ಏನು ವೈಭವ ಮಾರಾಯ! ನಾಲ್ಕೂ ಕಡೆ ಜನ ಕೂರುವ ನಮ್ಮ ಜಾತ್ರಾ ಬಯಲುನಾಟಕದ ರಂಗಕ್ಕೆ ಪರದೆಯೇ ಇರಲಿಲ್ಲ, ನೆನಪಿದೆಯಲ್ಲ? ಮುಪ್ಪಿನಲ್ಲಿ ನನಗೊಂದು ಪರದೆ ದೊರಕಿತು. ಹಸಿರು ಮಖಮಲ್ಲಿನದು! ಬಂಡೆ ಬಂಡೆಯ ಮೇಲೂ ಗೇಣುದ್ದದ ಹಸಿರು ಕೂದಲು ನೀರಿನಲ್ಲಿ ತೂಗಾಡುತ್ತಿದೆ. ನಿನ್ನ ಎರಡು ವಿದೂಷಕ ಮೀನುಗಳು ಕಿತ್ತಳೆ ಅಂಗಿ, ಬಿಳಿ ಪಟ್ಟಿ ತೊಟ್ಟು ಆ ಕಾಡಿನೊಳಗಿಂದ ಪ್ರವೇಶ ಮಾಡಿದರೆ ಸಂಜೆ ಹರಟೆಗೆ ಬಂದವರೆಲ್ಲ ಚಪ್ಪಾಳೆ ಹೊಡೆಯುತ್ತಾರೆ. ಸುರಮಾ ಒಬ್ಬಳೇ ಮೂಗು ಮುರಿಯುವವಳು.

“ರೀ, ಅದು ಕಾಡೂ ಅಲ್ಲ ಪರದೆಯೂ ಅಲ್ಲ, ಪಾಚಿ. ನಮ್ಮ ಬಚ್ಚಲು ಕಲ್ಲಿನ ಮೇಲಿರೋದೂ ಅದೇ. ಅದಕ್ಕೆ ಯಾಕೆ ಚಪ್ಪಾಳೆ ಹೊಡೆಯಲ್ಲ ನೀವು?”

ಹೆಂಗಸರಿಗೆ ರಂಗಸಜ್ಜಿಕೆ ತಿಳಿಯದು. ನಿನ್ನ ಅತಿಥಿಗಳ ಸತ್ಕಾರದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ.

ಇತಿ,
ತ್ರಿದಿಬ್ ಪಾಕ್ರಾಶಿ
(ಒಂದು ಕಾಲದ ಸಾಮ್ರಾಟ)

•

ಕಾಂಥಿ
೫ ನವೆಂಬರ್ ೨೦೧೨

ಮಾನ್ಯ ತ್ರಿದಿಬ್ ಬಾಬು,

ಅತ್ತಿಗೆ ಸುರಮಾ ಬೌದಿ ಹೇಳಿದ್ದೇ ಸರಿ. ಅದು ಕೂದಲು ಪಾಚಿ.

ಪಾಚಿ ಬಂದಿದೆಯೆಂದರೆ ನೀರಿನಲ್ಲಿ ಫಾಸ್ಫೇಟ್ ಏರಿದೆ ಎಂದರ್ಥ. ಮೀನು ತಿಂದು ಬಿಟ್ಟದ್ದು, ತಿನ್ನದೆ ಬಿಟ್ಟದ್ದು, ಎಲ್ಲ ಕೊಳೆತು ಅದೇ ಆಗುತ್ತದೆ. ಹೊಲಕ್ಕೆ ಅದು ಗೊಬ್ಬರ, ಹವಳಕ್ಕೆ ಕಂಟಕ. ಪಾಚಿ ಮೊದಲು ಬಂಡೆ ಹಿಡಿಯುತ್ತದೆ, ಆಮೇಲೆ ರಾಣಿಯ ಕಾಂಡ. ಕಾಂಡ ಹಿಡಿದರೆ ಅವಳು ಉಳಿಯುವುದಿಲ್ಲ.

ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ನೀಲಿ ಡಬ್ಬಿ ಇದೆ. ಗಾಜಿನ ನಳಿಕೆಯಲ್ಲಿ ನೀರು ತೆಗೆದು ಎರಡು ಔಷಧ ಹಾಕಿ, ಐದು ನಿಮಿಷ ಬಿಟ್ಟು ಬಣ್ಣ ನೋಡಿ. ಬಣ್ಣ ಎಷ್ಟು ನೀಲಿಯೋ ಫಾಸ್ಫೇಟ್ ಅಷ್ಟು. ಪಕ್ಕದ ಕಾರ್ಡಿನಲ್ಲಿ ಅಂಕಿ ಇದೆ. ೦.೧ಕ್ಕಿಂತ ಕೆಳಗಿರಬೇಕು.

ಇನ್ನೊಂದು ಮಾತು. ನಾಟಕ ಬಿಟ್ಟಮೇಲೆ ನಾನು ಕೆಲಸ ಮಾಡಿದ ಮೀನಿನ ಅಂಗಡಿಯ ಬಂಕು ಬಾಬುವಿಗೆ ಹೇಳಿಟ್ಟಿದ್ದೇನೆ. ಏಪ್ರಿಲ್ ನಡುವೆ ಬರುವ ಬಂಗಾಳಿ ಹೊಸ ವರ್ಷದೊಳಗೆ ನೀರು ಸರಿಹೋಗದಿದ್ದರೆ ಅವರು ಬಂದು ರಾಣಿಯನ್ನು ತಮ್ಮ ತೊಟ್ಟಿಗೆ ಒಯ್ಯುತ್ತಾರೆ. ನಿಮಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮೆಯಿರಲಿ.

ಇತಿ,
ನಿಕುಂಜ ಸಾಂತ್ರಾ

•

ಬಾಗ್‌ಬಜಾರ್
೧೯ ನವೆಂಬರ್ ೨೦೧೨

ನಿಕುಂಜ,

‘ಮಾನ್ಯ’ವಂತೆ! ‘ಬಾಬು’ವಂತೆ! ಒಂದೇ ತಟ್ಟೆಯಲ್ಲಿ ಅವಲಕ್ಕಿ ತಿಂದವನಿಗೆ! ಆಗಲಿ, ಬರೆ, ಎಷ್ಟು ಮರ್ಯಾದೆಯಿದೆಯೋ ಅಷ್ಟನ್ನೂ ಸುರಿ.

ಪರೀಕ್ಷೆ ಮಾಡಿದೆ. ನಳಿಕೆಯ ನೀರು ನೀಲಕಂಠನ ಗಂಟಲಿನಂತಾಯಿತು! ಕಾರ್ಡಿನ ತುದಿಯಲ್ಲಿರುವ ಬಣ್ಣ, ೧.೫. ನನ್ನ ಮನೆಯಲ್ಲಿ ನನ್ನ ಕಣ್ಣೆದುರು ಶತ್ರು ಹಸಿರು ಅಂಗಿ ತೊಟ್ಟು ಮೂರು ವಾರ ನನ್ನಿಂದಲೇ ಚಪ್ಪಾಳೆ ಹೊಡೆಸಿಕೊಂಡನಲ್ಲ! ಬಂಕು ಬಾಬುವಂತೆ, ಒಯ್ಯುವನಂತೆ! ನಮ್ಮ ಹೊಸ್ತಿಲು ದಾಟಿ ರಾಣಿಯನ್ನು ಒಯ್ಯುವವನು ಇನ್ನೂ ಹುಟ್ಟಿಲ್ಲ. ಯುದ್ಧ ಸಾರಿದ್ದೇನೆ. ಅಸ್ತ್ರಗಳನ್ನು ಹೇಳು.

ಇತಿ,
ತ್ರಿದಿಬ್

•

ಕಾಂಥಿ
೨೭ ನವೆಂಬರ್ ೨೦೧೨

ಮಾನ್ಯ ತ್ರಿದಿಬ್ ಬಾಬು,

ಯುದ್ಧ ಬೇಡ. ತಾಳ್ಮೆ ಸಾಕು.

ಬಂಡೆಗಳನ್ನು ಒಂದೊಂದಾಗಿ ಉಪ್ಪುನೀರಿನ ಬಕೆಟ್ಟಿಗೆ ತೆಗೆದು ಪಾಚಿಯನ್ನು ಕೈಯಿಂದ ಕೀಳಿ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಮರಳಿನ ಮೇಲಿನ ಕೊಳೆಯನ್ನು ಕೊಳವೆಯಿಂದ ಎಳೆಯಿರಿ. ನಲ್ಲಿ ನೀರು ಒಂದು ಲೋಟವೂ ಬೇಡ. ಶುದ್ಧೀಕರಿಸಿದ ನೀರಿಗೆ ಸಮುದ್ರದ ಉಪ್ಪು ಬೆರೆಸಿ ವಾರಕ್ಕೆ ಎರಡು ಬಕೆಟ್ ಬದಲಿಸಿ. ಮಂಜುಗಟ್ಟಿದ ಸಿಗಡಿಯನ್ನು ತೊಳೆಯದೆ ಹಾಕಬೇಡಿ, ಅದರ ರಸದಲ್ಲೇ ಫಾಸ್ಫೇಟ್ ಇರುವುದು. ದಿನಕ್ಕೊಮ್ಮೆ ಒಂದು ಚಿಟಿಕೆ. ಎರಡು ನಿಮಿಷದಲ್ಲಿ ತಿಂದು ಮುಗಿಯಬೇಕು.

ಕಪಾಟಿನಲ್ಲಿ ತುಕ್ಕಿನ ಬಣ್ಣದ ಕಾಳುಗಳ ಸೀಸೆಯಿದೆ. ಅದು ಫಾಸ್ಫೇಟನ್ನು ಹೀರುತ್ತದೆ. ಬಟ್ಟೆಯ ಚೀಲದಲ್ಲಿ ಒಂದು ಚಮಚ ಕಟ್ಟಿ ನೀರು ಹರಿಯುವ ಕಡೆ ಇಡಿ. ಒಂದೇ ಚಮಚ. ಹೆಚ್ಚಾದರೆ ನೀರು ಒಮ್ಮೆಗೇ ಬದಲಾಗಿ ರಾಣಿ ತಡೆದುಕೊಳ್ಳಲಾರಳು.

ಇತಿ,
ನಿಕುಂಜ ಸಾಂತ್ರಾ

•

ಬಾಗ್‌ಬಜಾರ್
೧೮ ಡಿಸೆಂಬರ್ ೨೦೧೨

ನಿಕುಂಜ! ಜಯಭೇರಿ! ದುಂದುಭಿ!

ಅರವತ್ತೊಂಬತ್ತರ ವಯಸ್ಸಿನಲ್ಲಿ ನಡುಮನೆಯ ನೆಲದ ಮೇಲೆ ಕಾಲು ಚಾಚಿ, ಮಡಿಲಲ್ಲಿ ಬಂಡೆ, ಕೈಯಲ್ಲಿ ಬ್ರಷ್ಷು! ಒಂದು ಕೊಡ ತುಂಬ ಪಾಚಿ ಕಿತ್ತೆ. ಸುರಮಾ ಬಾಗಿಲಲ್ಲಿ ನಿಂತು, “ನಲವತ್ತು ವರ್ಷದಲ್ಲಿ ಒಂದು ತಟ್ಟೆ ತೊಳೆದವರಲ್ಲ, ಈಗ ಕಲ್ಲಿಗೆ ಹಲ್ಲುಜ್ಜಿಸ್ತಿದ್ದೀರಲ್ರೀ” ಎಂದಳು.

ಇನ್ನು ನಿನ್ನ ತುಕ್ಕಿನ ಕಾಳು. ಒಂದು ಚಮಚವಂತೆ! ಸಾಮ್ರಾಟನು ಶತ್ರುವಿನ ಮೇಲೆ ಒಬ್ಬನೇ ಸೈನಿಕನನ್ನು ಕಳಿಸುತ್ತಾನೆಯೇ? ಇಡೀ ಸೀಸೆಯನ್ನು ಚೀಲಕ್ಕೆ ಸುರಿದೆ! ಎರಡೇ ದಿನ. ನಳಿಕೆಯ ನೀರು ಶರತ್ಕಾಲದ ಬೆಳಕಿನಂತೆ, ಬಣ್ಣವೇ ಇಲ್ಲ. ಸೊನ್ನೆ!

ಇತಿ,
ವಿಜಯಿ ತ್ರಿದಿಬ್

ಮರೆತಿದ್ದೆ: ರಾಣಿ ಇವತ್ತು ಬೆಳಗ್ಗಿನಿಂದ ತಲೆ ಬಾಗಿಸಿದ್ದಾಳೆ. ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಬೋಳಾಗಿದ್ದಾಳೆ. ಚಳಿಗೆ ಇರಬಹುದಲ್ಲವೇ?

•

ಕಾಂಥಿ
೨೪ ಡಿಸೆಂಬರ್ ೨೦೧೨

ತ್ರಿದಿಬ್ ಬಾಬು,

ಚಳಿಗಲ್ಲ. ನಿಮ್ಮಿಂದ.

ಕಾಗದ ಕೈಗೆ ಬಂದ ತಕ್ಷಣ ಚೀಲ ಹೊರತೆಗೆಯಿರಿ. ಬರೆದುಕೊಟ್ಟ ಸಾಲನ್ನು ಬಿಟ್ಟು ಸ್ವಂತದ್ದು ಸೇರಿಸುವುದು ನಿಮ್ಮ ಹಳೆಯ ಚಟ. ಆಗ ಜನ ಶಿಳ್ಳೆ ಹೊಡೆಯುತ್ತಿದ್ದರು. ಹವಳ ಶಿಳ್ಳೆ ಹೊಡೆಯುವುದಿಲ್ಲ, ಸಾಯುತ್ತದೆ.

ಅವಳನ್ನು ಮುಟ್ಟಬೇಡಿ, ಕೀಳಬೇಡಿ. ಸತ್ತರೆ ವಾಸನೆ ಬರುತ್ತದೆ, ಮನೆಯಲ್ಲಿ ನಿಲ್ಲಲಾಗದಷ್ಟು. ಆ ವಾಸನೆ ಬರುವತನಕ ಅವಳು ಸತ್ತಿಲ್ಲ. ಕಾಯಿರಿ.

ಅಂಕಿ ಮತ್ತೆ ಸ್ವಲ್ಪ ಏರುತ್ತದೆ, ಬಂಡೆಗಳು ಕುಡಿದದ್ದನ್ನು ಕಕ್ಕುತ್ತವೆ. ಹೆದರಬೇಡಿ. ಹೊಸ ಸೀಸೆ ತರಿಸಿ, ಈ ಸಲ ಒಂದೇ ಚಮಚ.

ಇತಿ,
ನಿಕುಂಜ ಸಾಂತ್ರಾ

•

ಬಾಗ್‌ಬಜಾರ್
೨೭ ಜನವರಿ ೨೦೧೩

ನಿಕುಂಜ,

ರಾಣಿ ಅರ್ಧ ತೆರೆದಿದ್ದಾಳೆ. ಬದುಕಿದ್ದಾಳೆ. ಆದರೆ ಶತ್ರು ಮತ್ತೆ ಬಂದ. ಒಂದು ಚಮಚ ಹಾಕಿದೆ, ನೀರು ಬದಲಿಸಿದೆ, ಸಿಗಡಿಯನ್ನು ಮೂರು ಸಲ ತೊಳೆದೆ. ಆದರೂ ೦.೪, ೦.೮, ಈಗ ೧.೨! ಹಸಿರು ಕೂದಲು ರಾಣಿಯ ಬುಡಕ್ಕೆ ಎರಡು ಬೆರಳು ದೂರದಲ್ಲಿದೆ.

ನೀನು ನನ್ನ ಹಳೆಯ ಚಟದ ಮಾತೆತ್ತಿದೆ. ಎತ್ತಿದೆಯಲ್ಲ, ಕೇಳು. ತೊಂಬತ್ತಮೂರರ ಜನವರಿ, ಘಾಟಾಲ್ ಬಯಲು. ಐದನೇ ಅಂಕ. ಸೇನಾಪತಿಯನ್ನು ಸಂಕೋಲೆ ಹಾಕಿ ನನ್ನೆದುರು ನಿಲ್ಲಿಸಿದ್ದಾರೆ. ಸಾಮ್ರಾಟನ ತೀರ್ಪಿಗೆ ಇಡೀ ಬಯಲು ಉಸಿರು ಬಿಗಿಹಿಡಿದಿದೆ. ನನಗೆ ಸಾಲು ಮರೆತಿದೆ! ಮೂವತ್ತು ವರ್ಷದಲ್ಲಿ ಮೊದಲ ಸಲ. ತಬಲದವನ ಪಕ್ಕ ಪುಸ್ತಕ ಹಿಡಿದು ಕೂತು ಮರೆತ ಸಾಲು ಎತ್ತಿಕೊಡುವ ಪ್ರಾಂಪ್ಟರನ ಕಡೆ, ನಿನ್ನ ಕಡೆ, ತಿರುಗಿದೆ. ನೀನು ತಲೆಯೆತ್ತಲಿಲ್ಲ. ಬೆರಳನ್ನು ಪುಸ್ತಕದ ಮೇಲೆ ಆಡಿಸುತ್ತ ಕೂತಿದ್ದೆ. “ನಿಕುಂಜ” ಎಂದೆ. ನೀನು ಪುಟ ತಿರುಗಿಸಿದೆ. ಯಾರೋ “ಮಹಾರಾಜರು ನಿದ್ದೆ ಹೋದ್ರು ಕಣ್ರೋ!” ಎಂದು ಕೂಗಿದರು, ಒಂದು ಸೀಬೆಕಾಯಿ ಬಂದು ಕಿರೀಟಕ್ಕೆ ಬಡಿಯಿತು.

ಒಳಗೆ ಬಂದು ಎಲ್ಲರೆದುರು ನಿನ್ನ ಕೆನ್ನೆಗೆ ಹೊಡೆದೆ. ಹೊಡೆದದ್ದು ತಪ್ಪು. ಆದರೆ ನೀನು ಯಾಕೆ ಸುಮ್ಮನಿದ್ದೆ? ಆ ಸಾಲು ಯಾವುದೆಂದು ಇವತ್ತಿಗೂ ನನಗೆ ನೆನಪಾಗಿಲ್ಲ.

ಇತಿ,
ತ್ರಿದಿಬ್

•

ಕಾಂಥಿ
೬ ಫೆಬ್ರವರಿ ೨೦೧೩

ಸುರಮಾ ಬೌದಿಗೆ ನಮಸ್ಕಾರಗಳು.

ಈ ಕಾಗದ ನಿಮಗೆ. ಬಂಡೆ ಕಕ್ಕಿದರೂ ೧.೨ ಆಗುವುದಿಲ್ಲ. ಎಲ್ಲಿಂದಲೋ ದಿನಾ ಒಳಗೆ ಬೀಳುತ್ತಿದೆ. ತ್ರಿದಿಬ್ ಬಾಬು ಒಂದು ಸಾಲು ನುಂಗುತ್ತಿದ್ದಾರೆ. ಮೂವತ್ತು ವರ್ಷ ಅವರ ಸಂಭಾಷಣೆಯ ಪುಸ್ತಕ ಹಿಡಿದವನು ನಾನು, ಅವರು ಸಾಲು ನುಂಗಿದಾಗ ನನಗೆ ತಿಳಿಯುತ್ತದೆ. ತೊಟ್ಟಿಗೆ ಏನೇನು ಬೀಳುತ್ತಿದೆ ಎಂದು ಒಂದು ದಿನ ಪೂರ್ತಿ ಕೂತು ನೋಡಿ ಹೇಳುವಿರಾ?

ಇತಿ,
ನಿಕುಂಜ

•

ಬಾಗ್‌ಬಜಾರ್
೧೪ ಫೆಬ್ರವರಿ ೨೦೧೩

ತಮ್ಮಾ ನಿಕುಂಜ,

ನೋಡೋದೇನು ಬಂತು, ನನಗೆ ಗೊತ್ತೇ ಇತ್ತು. ಅದೂ ಒಂದು ತಪ್ಪು ಅಂತ ಗೊತ್ತಿರಲಿಲ್ಲ.

ದಿನಾ ಸಂಜೆ ಐದಕ್ಕೆ ಮೂಲೆ ಮಿಠಾಯಿ ಅಂಗಡಿಯಿಂದ ಸಂದೇಶ್ ಬರುತ್ತೆ. ಹರಟೆಗೆ ಬಂದವರಿಗೆಲ್ಲ ಒಂದೊಂದು. ಕೊನೇದನ್ನ ಇವರು ಬೆರಳಲ್ಲಿ ಪುಡಿ ಮಾಡಿ ತೊಟ್ಟಿಗೆ ಹಾಕ್ತಾರೆ. ತೊಟ್ಟಿ ಬಂದ ದಿನವೇ ಶುರುವಾದದ್ದು, ದಶಮಿ ದಿನವೂ ಹಾಕಿದರು. ಈಗ ಖರ್ಜೂರದ ಹೊಸ ಬೆಲ್ಲದ ಕಾಲ ನೋಡು, ಎರಡೆರಡು ಹಾಕ್ತಾರೆ. ಬಂದವರೂ ನೋಡಿ ಕಲಿತು, “ನಮ್ಮ ಪಾಲಿಂದೂ ಇರಲಿ” ಅಂತ ಒಂದೊಂದು ಚೂರು ಎಸೀತಾರೆ. ನಾನು ಕೇಳಿದೆ, “ಮೀನಿಗೆ ಯಾರಾದ್ರೂ ಸಂದೇಶ್ ಹಾಕ್ತಾರೇನ್ರೀ?” ಅಂತ. “ಅವು ನಿಕುಂಜನ ಮನೆಯವು ಕಣೇ. ಬಾಯಿ ಸಿಹಿ ಮಾಡದೆ ಇರೋಕಾಗುತ್ತಾ?” ಅಂದರು.

ನಿನಗೊಂದು ವಿಷಯ ಹೇಳಿಬಿಡ್ತೀನಿ. ನೀನು ಹೋದಮೇಲೆ ಪ್ರತಿ ವರ್ಷ ವಿಜಯಾದಶಮಿಗೆ, ಎಲ್ಲರನ್ನೂ ಅಪ್ಪಿಕೊಂಡು ಸಿಹಿ ಹಂಚಿ ಆದಮೇಲೆ, ಇವರು ಒಂದು ಸಂದೇಶ್ ತಟ್ಟೆಯಲ್ಲಿ ತೆಗೆದಿಡ್ತಿದ್ದರು. ಯಾರಿಗೆ ಅಂತ ಹೇಳ್ತಿರಲಿಲ್ಲ. ನಾನೂ ಕೇಳ್ತಿರಲಿಲ್ಲ. ಮೂರನೇ ದಿನ ಇರುವೆ ಮುತ್ತಿದಾಗ ತೆಗೆದು ಎಸೀತಿದ್ದೆ. ಇಪ್ಪತ್ತು ವರ್ಷ. ಈ ವರ್ಷ ಮಾತ್ರ ತಟ್ಟೆ ಖಾಲಿ ಇತ್ತು.

ನಿನ್ನ ಆರೋಗ್ಯ ನೋಡಿಕೋ.

ಇತಿ,
ಬೌದಿ

•

ಕಾಂಥಿ
೨೨ ಫೆಬ್ರವರಿ ೨೦೧೩

ತ್ರಿದಿಬ್‌,

ಸಂದೇಶ್ ಮಾಡುವುದು ಒಡೆದ ಹಾಲಿನ ಛೇನಾದಿಂದ. ಅದರಲ್ಲಿ ಫಾಸ್ಫೇಟ್ ತುಂಬಿ ತುಳುಕುತ್ತದೆ. ಮೀನು ಅರ್ಧ ಚೂರು ಮೂಸಿ ಬಿಡುತ್ತದೆ, ಉಳಿದದ್ದು ಬಂಡೆಯ ಸಂದಿಗೆ ಇಳಿಯುತ್ತದೆ. ನೀವು ಕಿತ್ತ ಪಾಚಿಯನ್ನು ಐದು ಗಂಟೆಗೆ ನೀವೇ ಮತ್ತೆ ಬಿತ್ತುತ್ತಿದ್ದಿರಿ. ಇಡೀ ಹವಳ ಲೋಕದಲ್ಲಿ ಈ ತಪ್ಪನ್ನು ಮಾಡಿದವರು ಬಾಗ್‌ಬಜಾರಿನವರೇ ಇರಬೇಕು.

ಇವತ್ತಿನಿಂದ ನಿಲ್ಲಿಸಿ. ಬಂಡೆ ಸಂದಿಗಳನ್ನು ಕೊಳವೆಯಿಂದ ಎಳೆಯಿರಿ. ಕೆಳಗೆ ಕಪಾಟಿನಲ್ಲಿ ನೀರು ಸೋಸುವ ಸಣ್ಣ ತೊಟ್ಟಿಯಿದೆ, ಅದಕ್ಕೆ ದೀಪ ಹಾಕಿ, ಬಂಕು ಬಾಬುವಿನಿಂದ ಒಂದು ಹಿಡಿ ಕಡಲ ಪಾಚಿ ತಂದು ಅಲ್ಲಿ ಬೆಳೆಸಿ. ಅದು ಫಾಸ್ಫೇಟನ್ನು ಅಲ್ಲೇ ತಿಂದು ಬೆಳೆಯುತ್ತದೆ, ಮೇಲಿನ ಪಾಚಿ ಉಪವಾಸ ಬೀಳುತ್ತದೆ. ತಿಂಗಳಿಗೊಮ್ಮೆ ಒಂದು ಹಿಡಿ ಕಿತ್ತು ಎಸೆಯಿರಿ.

ಘಾಟಾಲಿನ ಪ್ರಶ್ನೆಗೆ ಉತ್ತರ. ನಾನು ಸುಮ್ಮನಿರಲಿಲ್ಲ. ನೀವು ಮಾತು ನಿಲ್ಲಿಸಿದ್ದು ನನಗೆ ಕೇಳಲಿಲ್ಲ. ಆ ಚಳಿಗಾಲಕ್ಕೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯ ಪಕ್ಕದಲ್ಲಿ ತಬಲ. ನೀವು ಆಡುತ್ತಿದ್ದೀರಿ ಎಂದೇ ತಿಳಿದು ನಾನು ಪುಸ್ತಕದಲ್ಲಿ ಮುಂದೆ ಮುಂದೆ ಹೋಗುತ್ತಿದ್ದೆ. ಹೇಳಬಹುದಿತ್ತು. ಕಿವುಡ ಪ್ರಾಂಪ್ಟರನನ್ನು ಯಾವ ಕಂಪನಿ ಇಟ್ಟುಕೊಳ್ಳುತ್ತದೆ? ಹೊಡೆಸಿಕೊಂಡು ಹೋಗುವುದು ಸುಲಭವಾಗಿತ್ತು.

ಸಂದೇಶ ಅಂದರೆ ಸುದ್ದಿ ಎಂದೂ ಅರ್ಥವಿದೆಯಲ್ಲ. ಇಪ್ಪತ್ತು ವರ್ಷದ ಸಂದೇಶವನ್ನು ನೀವು ಮೀನಿಗೆ ಕಳಿಸಿದಿರಿ.

ಇತಿ,
ನಿಕುಂಜ

•

ಬಾಗ್‌ಬಜಾರ್
೨೩ ಮಾರ್ಚ್ ೨೦೧೩

ನಿಕುಂಜ,

ಮಾರ್ಚ್ ೨: ೦.೯
ಮಾರ್ಚ್ ೯: ೦.೬
ಮಾರ್ಚ್ ೧೬: ೦.೪
ಮಾರ್ಚ್ ೨೩: ೦.೨೫

ಬೇರೆ ಏನೂ ಬರೆಯಲಾಗುತ್ತಿಲ್ಲ.

ತ್ರಿದಿಬ್

•

ಬಾಗ್‌ಬಜಾರ್
೭ ಏಪ್ರಿಲ್ ೨೦೧೩

ನಿಕುಂಜಾ! ನಿಕುಂಜಾ! ನಿಕುಂಜಾ!

ಮೂರು ಸಲ ಕೂಗಿದ್ದೇನೆ. ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಇನ್ನು ಕೇಳು, ಅಲ್ಲ, ಓದು!

ಮಾರ್ಚ್ ಇಪ್ಪತ್ತೈದಕ್ಕೆ ರಾಣಿ ಮುದುಡಿದಳು. ಪೂರ್ತಿ. ಬೆರಳುಗಳು ಒಳಗೆ, ಮೈಯೆಲ್ಲ ಮಂಕು, ಮೇಲೊಂದು ಬೂದು ಪೊರೆ, ಹಳೆಯ ಮೇಣದಂತೆ. ನಾನು ಈ ಸಲ ಒಂದು ಚಮಚವೂ ಹೆಚ್ಚು ಹಾಕಿರಲಿಲ್ಲ, ಸುರಮಾಳ ಮೇಲಾಣೆ. ಒಂದು ದಿನ, ಎರಡು ದಿನ, ಐದು ದಿನ. ವಿದೂಷಕರಿಬ್ಬರೂ ಅವಳ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದರು, ಹಾಸ್ಯವೆಲ್ಲ ಬಿಟ್ಟು.

ಆರನೇ ದಿನ ಬೆಳಗ್ಗೆ, ಗಡುವಿಗೆ ಎರಡು ವಾರ ಮೊದಲೇ, ನಿನ್ನ ಬಂಕು ಬಾಬು ಬಂದ. ಕೈಯಲ್ಲಿ ಬಕೆಟ್! ಗಾಜಿಗೆ ಮೂಗೊತ್ತಿ ನೋಡಿ ನಾಲಿಗೆ ಲೊಚಗುಟ್ಟಿದ.

“ಹೋಗಿದೆ ಪಾಕ್ರಾಶಿ ಬಾಬು. ಒಯ್ಯೋಕೆ ಇಲ್ಲಿ ಏನೂ ಉಳಿದಿಲ್ಲ. ತೆಗೆದು ಎಸೀತೀನಿ, ಬಿಡಿ. ಇಲ್ಲಾಂದ್ರೆ ನೀರೂ ಕೆಡುತ್ತೆ, ಮೀನೂ ಸಾಯುತ್ತೆ.”

ಅವನು ತೋಳು ಮಡಚಿದ. ನಾನು ಅಡ್ಡ ನಿಂತೆ.

“ಮೂಸಿ ನೋಡು” ಎಂದೆ.

“ಏನು?”

“ನೀರನ್ನ ಮೂಸಿ ನೋಡಯ್ಯ! ಹೆಣದ ವಾಸನೆ ಬರ್ತಿದೆಯಾ?”

ಮೂಸಿದ. ಸುರಮಾ ಮೂಸಿದಳು. ನಾನೂ ಮೂಸಿದೆ. ಸಮುದ್ರದ ವಾಸನೆ! ಬರೀ ಸಮುದ್ರ!

“ವಾಸನೆ ಬರೋ ತನಕ ಸತ್ತಿಲ್ಲ. ನಮ್ಮ ಪ್ರಾಂಪ್ಟರು ಬರೆದುಕೊಟ್ಟಿದ್ದಾನೆ. ನಾನು ಅವನು ಕೊಟ್ಟ ಸಾಲು ಬಿಟ್ಟು ಒಂದಕ್ಷರ ಆಚೀಚೆ ಆಡೋದಿಲ್ಲ. ಬಕೆಟ್ ತಗೊಂಡು ಹೊರಡು.”

“ನೀವು ಹಟಮಾರಿ ಮುದುಕರು” ಎಂದು ಗೊಣಗುತ್ತ ಹೋದ. ಹೋಗುವಾಗ ಚಹಾ ಕುಡಿದೇ ಹೋದ, ಅದು ಬೇರೆ ಮಾತು.

ಆಮೇಲೆ ನಾನು ಜೀವಮಾನದಲ್ಲಿ ಮಾಡದ ಪಾತ್ರ ಮಾಡಿದೆ. ಸುಮ್ಮನೆ ಕೂತೆ. ಮಾತಿಲ್ಲ, ಕೂಗಿಲ್ಲ. ಹರಟೆಯವರನ್ನೂ ಆಚೆ ಜಗಲಿಗೆ ಅಟ್ಟಿದೆ. ಕುರ್ಚಿ ಹಾಕಿಕೊಂಡು ನಿನ್ನ ತೊಟ್ಟಿಯೆದುರು ಮೂರು ದಿನ. ಗಾಜಿನೊಳಗೆ ಬಾಯಿಗಳೆಲ್ಲ ಆಡುತ್ತಿವೆ, ಎಲ್ಲ ನಡೆಯುತ್ತಿದೆ, ಒಂದು ಶಬ್ದವೂ ಈಚೆಗೆ ಬರುವುದಿಲ್ಲ. ಆಗ ತಿಳಿಯಿತು ನಿಕುಂಜ, ಘಾಟಾಲಿನಲ್ಲಿ ನೀನು ಎಲ್ಲಿ ಕೂತಿದ್ದೆ ಎಂದು.

ಒಂಬತ್ತನೆಯ ದಿನ ಬೆಳಗ್ಗೆ ಪೊರೆಯ ಅಂಚು ಎದ್ದಿತು. ನೀರಿನ ಸೆಳೆತಕ್ಕೆ ಅದು ಒದ್ದೆ ಶಾಲಿನಂತೆ ಜಾರುತ್ತ ಜಾರುತ್ತ ಪೂರ್ತಿ ಕಳಚಿ ಹೋಯಿತು. ಅವಳು ಸತ್ತಿರಲಿಲ್ಲ ಮಾರಾಯ, ಬಣ್ಣದ ಮನೆಯಲ್ಲಿದ್ದಳು! ವೇಷ ಬದಲಿಸುತ್ತಿದ್ದಳು! ಮಧ್ಯಾಹ್ನದ ಹೊತ್ತಿಗೆ ಒಂದು ಬೆರಳು, ಆಮೇಲೆ ಹತ್ತು, ಆಮೇಲೆ ನೂರು. ಚಿನ್ನದ ಬಣ್ಣದ ನೂರಾರು ಬೆರಳು ಬಿಚ್ಚಿ ಮೊದಲಿಗಿಂತ ಒಂದು ಕೈ ಅಗಲವಾಗಿ ನಿಂತಳು ನಿನ್ನ ರಾಣಿ! ವಿದೂಷಕರು ಅವಳ ತೋಳಿನೊಳಗೆ ನುಗ್ಗಿ ಹೊರಳಾಡಿದರು. ಸುರಮಾ ಶಂಖ ಊದಿದಳು. ನಾನು ಚಪ್ಪಾಳೆ ಹೊಡೆದೆ, ಅಂಗೈ ಕೆಂಪಾಗುವಷ್ಟು. ಬಂಡೆಗಳ ಮೇಲೆ ಒಂದೆಳೆ ಹಸಿರಿಲ್ಲ. ನೇರಳೆ ಬಣ್ಣ ಕಾಣುತ್ತಿದೆ, ಅದು ಒಳ್ಳೆಯದೆಂದು ಬಂಕುವೇ ಒಪ್ಪಿದ. ಹೌದು, ಮತ್ತೆ ಬಂದಿದ್ದ. ಖಾಲಿ ಕೈಯಲ್ಲಿ ಬಂದು ಖಾಲಿ ಕೈಯಲ್ಲೇ ಹೋದ.

ಇವತ್ತು ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು, ಇಬ್ಬರೂ ಕನ್ನಡಕ ಹಾಕಿ. ಇದೆಯೋ ಇಲ್ಲವೋ ಅನ್ನುವಷ್ಟು ನೀಲಿ.

೦.೦೮.

ಹದಿನೈದನೆಯ ತಾರೀಖು, ಸೋಮವಾರ, ಹೊಸ ವರ್ಷ. ಮೂಲೆ ಅಂಗಡಿಗೆ ಇಪ್ಪತ್ತು ಸಂದೇಶ್ ಹೇಳಿದ್ದೇನೆ. ಮೀನಿಗಲ್ಲ. ಅಷ್ಟನ್ನೂ ಸರಿಯಾದ ವಿಳಾಸಕ್ಕೆ ಮುಟ್ಟಿಸಬೇಕಾಗಿದೆ. ಕೆನ್ನೆಗೆ ಹೊಡೆದ ಈ ಕೈಯಿಂದಲೇ.

ಇತಿ,
ತ್ರಿದಿಬ್

•

ಕಾಂಥಿ
೧೧ ಏಪ್ರಿಲ್ ೨೦೧೩

ಲೋ ತ್ರಿದಿಬ್,

ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಹನ್ನೊಂದಕ್ಕೆ ಧರ್ಮತಲಾ ನಿಲ್ದಾಣ. ಬರುವುದಾದರೆ ಬಾ. ಅಲ್ಲಿ ನಿಂತು ನನ್ನ ಹೆಸರು ಕೂಗಿ ಗಂಟಲು ಹರಿದುಕೊಳ್ಳಬೇಡ, ಕೈಬೀಸು ಸಾಕು. ಅಪ್ಪಿಕೊಳ್ಳುವುದಕ್ಕೆ ಕಿವಿ ಬೇಕಾಗುವುದಿಲ್ಲ.

ಇಪ್ಪತ್ತು ಸಂದೇಶ್ ತಿಂದರೆ ನನ್ನ ಮೈಯಲ್ಲೂ ಪಾಚಿ ಬೆಳೆದೀತು. ನನಗೆ ಎರಡು ಸಾಕು. ಉಳಿದದ್ದು ಬೌದಿಗೆ, ಶಂಖ ಊದಿದ್ದಕ್ಕೆ. ಬಂಕುವಿಗೂ ಒಂದು ಕೊಡು.

ರಾಣಿಯನ್ನು ಕರೆದೊಯ್ಯಲು ಬರುತ್ತಿಲ್ಲ. ನೋಡಲು ಬರುತ್ತಿದ್ದೇನೆ. ಅವಳ ಮನೆ ಅದೇ.

ಘಾಟಾಲಿನ ಆ ಸಾಲು ನನಗೆ ನೆನಪಿದೆ. ಪುಸ್ತಕದಲ್ಲಿ ಎಡಗಡೆಯ ಪುಟ, ಮೇಲಿನಿಂದ ಮೂರನೆಯದು. ಸ್ವಲ್ಪ ತಡವಾಯಿತು, ಈಗ ಕೊಡುತ್ತಿದ್ದೇನೆ, ಎತ್ತಿಕೋ:

“ಸಂಕೋಲೆ ಕಳಚಿ. ಇವನು ನನ್ನ ಪಕ್ಕದಲ್ಲಿ ಕೂರಲಿ.”

ಇತಿ,
ನಿನ್ನ ಪ್ರಾಂಪ್ಟರ್